ಕಾಂಡ್ಲಾ ಕಾಡಿನಲ್ಲಿ ಬೆಣ್ಣೆಹಳ್ಳದ ಮಂದಿ

ನಮ್ಮ ಸೀಮೆಯ ರೈತರ ಲೆಕ್ಕದಲ್ಲಿ ಕಾಡುಪ್ರಾಣಿಗಳು ಎರಡೇ ಜಾತಿ: ಬೆಳೆ ತಿನ್ನುವವು, ತಿನ್ನದವು. ಮೊದಲನೆಯದರಲ್ಲಿ ಹಂದಿ, ಚಿಗರಿ, ಮಂಗ್ಯಾ, ನವಿಲು ಎಲ್ಲ ಬರುತ್ತವೆ. ಎರಡನೆಯದರಲ್ಲಿ ಯಾವುದು ಬರುತ್ತದೆ ಎಂದು ಕೇಳಿದರೆ ಒಂದು ಗಳಿಗೆ ತಲೆ ಕೆರೆದುಕೊಂಡು, “ಯಾವೂ ಇಲ್ಲ ಬಿಡ್ರಿ” ಅನ್ನುತ್ತಾರೆ.

ನಮಗೆ ಕಾಡು ಹೊಸದಲ್ಲ ನೋಡಿ. ನಮ್ಮ ದುಂಡಸಿಯ ಹೆಸರಿನಲ್ಲೇ ಒಂದು ಅರಣ್ಯ ವಲಯವಿದೆ. ಪಡುವಣಕ್ಕೆ ತಡಸ ದಾಟಿ ಮುಂಡಗೋಡದ ಹಾದಿ ಹಿಡಿದರೆ ಸಾಗವಾನಿ ಸಾಲು ಶುರುವಾಗುತ್ತದೆ; ಭತ್ತ ತೆನೆಗಟ್ಟುವ ಹೊತ್ತಿಗೆ ಆ ಕಡೆಗೆ ಆನೆಗಳೂ ಬಂದು ಹೋಗುತ್ತವೆ. ಇತ್ತ ಶಿಗ್ಗಾಂವಿ ದಾಟಿದರೆ ಬಂಕಾಪುರ. ಅಲ್ಲಿಯ ಹಳೆಯ ಕೋಟೆ 139 ಎಕರೆ. ನಗರೇಶ್ವರನ ಅರವತ್ತು ಕಂಬದ ಗುಡಿಯೂ ಅದರೊಳಗೇ, ಖಿಲಾರಿ ದನದ ಸಂವರ್ಧನ ಕೇಂದ್ರವೂ ಅದರೊಳಗೇ. 2006ರಲ್ಲಿ ಸರಕಾರ ಅದನ್ನು ನವಿಲುಧಾಮ ಎಂದು ಸಾರಿತು. ನವಿಲಿಗೆ ಕೋಟೆಯ ಗೋಡೆ ಯಾವ ಲೆಕ್ಕ? ಬೆಳಗ್ಗೆ ಹಾರಿ ಹೊರಗೆ ಬರುತ್ತವೆ, ಬಿತ್ತಿದ ಶೇಂಗಾ ಕೆದರಿ ತಿಂದು ಸಂಜೆಗೆ ಕೋಟೆ ಸೇರಿಕೊಳ್ಳುತ್ತವೆ. “ವಾಸ ಸರಕಾರದ್ದು, ಊಟ ನಮ್ಮದು” ಎಂಬುದು ನಮ್ಮ ಕಾಕಾನ ಹಳೆಯ ತಕರಾರು.

ಇಂಥ ಕಾಕಾನ ಮಗಳು ಕುಮಟೆಯ ಕಡೆ ಸಾಲಿ ಮಾಸ್ತರಿಣಿ. ಆಕೆ ದೀಪಾವಳಿ ಆದ ಮೇಲೆ ಫೋನು ಮಾಡಿ, “ಎಲ್ಲಾರೂ ಬರ್ರಿ, ಕಾಂಡ್ಲಾ ಕಾಡು ತೋರಸ್ತೀನಿ, ಪ್ರಾಣಿ-ಪಕ್ಷಿ ಬೇಕಾದಷ್ಟ ಅದಾವು” ಅಂದಳು. ಸಮುದ್ರದ ಕಡೆಗೆ ಹೋಗಿ ಕಾಡು ನೋಡುವುದು ಎಂಬ ಮಾತೇ ಕಾಕಾಗೆ ಹಿಡಿಸಲಿಲ್ಲ. ಕಾಡು ಬೇಕಾದರೆ ಶಿರಸಿಯಲ್ಲೇ ಇಳಿಯಬಹುದಲ್ಲ, ಸಮುದ್ರ ಬೇಕಾದರೆ ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನಿಗೂ ಕೈ ಮುಗಿಯಬಹುದಲ್ಲ, ಎರಡನ್ನೂ ಕೂಡಿಸಿದ ಈ ಕಾರಭಾರ ಏನು ಎಂದು ಅವರ ಪ್ರಶ್ನೆ.

“ಹುಲಿ ಐತೇನು?” ಎಂದು ಕೇಳಿದರು.

“ಹುಲಿ ಇರೂದು ಬಂಗಾಳದ ಕಾಂಡ್ಲಾದಾಗ, ಯಪ್ಪಾ. ನಮ್ಮಲ್ಲಿ ಏಡಿ ಅದಾವು.”

ಕಾಕಾನ ಮುಖ ಬಿದ್ದುಹೋಯಿತು. ಆದರೆ ಮಗಳು ಹೇಳಿದ್ದು ಸುಳ್ಳಲ್ಲ. ಸುಂದರಬನ ಎಂದು ನಾವು ಸಾಲಿ ಪುಸ್ತಕದಲ್ಲಿ ಓದಿದ್ದು ಇದೇ ಬಗೆಯ ಕಾಡನ್ನು. ಮ್ಯಾಂಗ್ರೋವ್ ಎಂಬ ಹೆಸರು ಪೇಪರಿನಲ್ಲಿ ಬರುತ್ತದೆ, ಹೊನ್ನಾವರ-ಕುಮಟೆಯ ಬಾಯಲ್ಲಿ ಅದು ಕಾಂಡ್ಲಾ. ನದಿಯ ಸಿಹಿ ನೀರು ಬಂದು ಸಮುದ್ರದ ಉಪ್ಪು ನೀರನ್ನು ಎದುರುಗೊಳ್ಳುವ ಅಳಿವೆಯ ಕೆಸರಿನಲ್ಲಿ ಬೆಳೆಯುವ ಮರಗಳು. 2021ರ ಅರಣ್ಯ ಸ್ಥಿತಿಗತಿ ವರದಿಯ ಪ್ರಕಾರ ಇಡೀ ದೇಶದಲ್ಲಿ ಇಂಥ ಕಾಡು 4,992 ಚದರ ಕಿಲೋಮೀಟರ್. ಅದರಲ್ಲಿ ಪಶ್ಚಿಮ ಬಂಗಾಳ ಒಂದರದ್ದೇ 2,114. ಕರ್ನಾಟಕದ್ದು? 13. ಹದಿಮೂರು ಸಾವಿರವಲ್ಲ, ಹದಿಮೂರು ನೂರೂ ಅಲ್ಲ, ಬರೀ 13 ಚದರ ಕಿಲೋಮೀಟರ್. ಮುನ್ನೂರು ಕಿಲೋಮೀಟರ್ ಮೀರಿದ ಕರಾವಳಿ ಇಟ್ಟುಕೊಂಡು ನಮ್ಮ ಬಳಿ ಇರುವುದು ಇಷ್ಟು. ಇಷ್ಟು ಪುಟ್ಟ ಆಸ್ತಿಯನ್ನು ಯಾರೂ ಮಾತಾಡಿಸುವುದಿಲ್ಲ ಎಂದರೆ ಆಶ್ಚರ್ಯವಿಲ್ಲ. ನಮ್ಮ ಊರಿನಲ್ಲಿ ಹತ್ತು ಗುಂಟೆಯವನನ್ನು ಯಾರು ಮಾತಾಡಿಸುತ್ತಾರೆ?

ಅಂತೂ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣಿಗಾಯಿ ಬುತ್ತಿ ಕಟ್ಟಿಕೊಂಡು ಬಾಡಿಗೆ ಗಾಡಿಯಲ್ಲಿ ಹೊರಟೆವು. ಊರಿನಿಂದ ಹೊನ್ನಾವರ ನೂರೈವತ್ತು ಕಿಲೋಮೀಟರಿನ ಮೇಲೆ. ಮುಂಡಗೋಡದಲ್ಲಿ ಟಿಬೆಟಿಯನ್ನರ ಗುಡಿಗಳ ಬಂಗಾರದ ಬಣ್ಣ ಕಂಡಿತು, ಶಿರಸಿಯಲ್ಲಿ ಮಾರಿಕಾಂಬೆಗೆ ಕಾಯಿ ಒಡೆಸಿದ್ದಾಯಿತು. ದೇವಿಮನೆ ಘಟ್ಟ ಇಳಿಯುವಾಗ ಮಾತ್ರ ಕಾಕಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಮಳೆಗಾಲ ಮುಗಿದು ವಾರಗಳೇ ಕಳೆದಿದ್ದರೂ ಬಂಡೆಯ ಸಂದಿಯಲ್ಲೆಲ್ಲ ನೀರು ಜಿನುಗುತ್ತಿತ್ತು. ಘಟ್ಟದ ಕೆಳಗೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ. ನಮ್ಮ ಶಿಗ್ಗಾಂವಿಯಲ್ಲಿ ಅದರ ಮೂರರಲ್ಲಿ ಒಂದು ಪಾಲೂ ಬೀಳುವುದಿಲ್ಲ. ಬೋರು ಕೊರೆಸಿ ಕೊರೆಸಿ ಕೈ ಸುಟ್ಟುಕೊಂಡವರಿಗೆ ಈ ದೃಶ್ಯ ಖುಷಿ ಕೊಡುವುದಿಲ್ಲ, ಹೊಟ್ಟೆಕಿಚ್ಚು ಕೊಡುತ್ತದೆ. ಹೊನ್ನಾವರದ ಉದ್ದನೆಯ ಶರಾವತಿ ಸೇತುವೆಯ ಮೇಲೆ ಗಾಡಿ ಹೋಗುವಾಗ ಎಡಕ್ಕೂ ಬಲಕ್ಕೂ ನೀರೇ ನೀರು. ಕಾಕಾ ತಡೆಯಲಾರದೆ ಹೇಳಿಯೇ ಬಿಟ್ಟರು:

“ನೋಡೋ ತಮ್ಮಾ, ಎಷ್ಟ ನೀರು ಸುಮ್ಮನ ಸಮುದ್ರ ಸೇರಾಕತ್ತೈತಿ!”

ಈ ಮಾತು ಕಾಕಾನದಷ್ಟೇ ಅಲ್ಲ. ಹಾವೇರಿ, ಗದಗ, ಧಾರವಾಡದ ಯಾವ ಚಹಾದಂಗಡಿಯ ಕಟ್ಟೆಯ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಚುನಾವಣೆ ಭಾಷಣದಲ್ಲಿ ಬರುತ್ತದೆ, ಹೋರಾಟದ ಕರಪತ್ರದಲ್ಲಿ ಬರುತ್ತದೆ, ನನ್ನ ಬಾಯಲ್ಲೂ ಬಂದಿದೆ. ಸಮುದ್ರ ಸೇರಿದ ನೀರು ದಂಡ. ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಬಿದ್ದ ರೊಕ್ಕಕ್ಕೂ ನಾವು ಅಷ್ಟು ಮರುಗುವುದಿಲ್ಲ.

ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿಯ ಕಡಲ ದಂಡೆಗೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿದ್ದು, ಪಡುಬಿದ್ರಿಯ ಜೊತೆಗೆ. ಬೆಂಗಳೂರಿನ ಗಾಡಿಗಳೆಲ್ಲ ಅತ್ತ ನುಗ್ಗುತ್ತವೆ. ಅರಣ್ಯ ಇಲಾಖೆಯವರು ನದಿಯ ದಂಡೆಯ ಕಾಂಡ್ಲಾ ವನದೊಳಗೆ ಕಂಬದ ಮೇಲೆ ಹಲಗೆ ಹಾಸಿ ಮಾಡಿರುವ ಕಾಲುದಾರಿಯ ಕಡೆ ಬರುವವರು ಅಷ್ಟಿಲ್ಲ. ಬಂದವರಲ್ಲೂ ಅರ್ಧ ಜನ ಫೋಟೋಕ್ಕೆ ಬಂದವರು. ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳುವ ಒಂದು ಜೋಡಿ ಅಲ್ಲಿತ್ತು. ಹುಡುಗಿಯ ಉದ್ದ ಲಂಗದ ಅಂಚನ್ನು ಇಬ್ಬರು ಎತ್ತಿ ಹಿಡಿದಿದ್ದರು, ಕೆಸರು ತಾಗಬಾರದೆಂದು. ಇಡೀ ಕಾಡು ನಿಂತಿರುವುದೇ ಕೆಸರಿನ ಮೇಲೆ, ಪಾಪ.

ಮಗಳು ಹುಷಾರಿ. ಸಮುದ್ರದ ನೀರು ಇಳಿಯುವ ಹೊತ್ತು ನೋಡಿಯೇ ಕರೆದೊಯ್ದಿದ್ದಳು. ಕಾಂಡ್ಲಾ ನೋಡಲು ಹೋಗುವವರು ತಿಳಿದಿರಬೇಕಾದ್ದು ಇದೊಂದೇ. ಭರತಿಯ ಹೊತ್ತಿಗೆ ಹೋದರೆ ನೀರಿನಲ್ಲಿ ಮುಳುಗಿದ ಹಸಿರು ಪೊದೆ ಕಾಣುತ್ತದೆ, ತಿರುಗಿ ಬರುತ್ತೀರಿ. ಇಳಿತಕ್ಕೆ ಹೋದರೆ ಕೆಸರು ತೆರೆದುಕೊಂಡು ಒಳಗಿನ ಸಂಸಾರವೆಲ್ಲ ಹೊರಗೆ ಬರುತ್ತದೆ. ದಿನಕ್ಕೆ ಎರಡು ಸಲ ಏರಿಕೆ, ಎರಡು ಸಲ ಇಳಿಕೆ. ನಿನ್ನೆಗಿಂತ ಇವತ್ತು ಸುಮಾರು ಐವತ್ತು ನಿಮಿಷ ತಡ. ಅಮವಾಸ್ಯೆ, ಹುಣ್ಣಿಮೆಗೆ ಏರಿಕೆಯೂ ಜಾಸ್ತಿ, ಇಳಿಕೆಯೂ ಜಾಸ್ತಿ. ಇದನ್ನು ಕೇಳಿ ಕಾಕಾಗೆ ಮೊದಲ ಸಲ ಆಸಕ್ತಿ ಹುಟ್ಟಿತು. “ಅಂದರ ಇವರೂ ಪಂಚಾಂಗ ನೋಡೇ ಕೆಲಸಕ್ಕ ಹೋಗ್ತಾರು?” ಎಂದರು. ಮೀನುಗಾರರಿಗೆ ತಿಥಿ ಗೊತ್ತಿಲ್ಲದಿದ್ದರೆ ಬಲೆ ಖಾಲಿ ಎಂದು ಮಗಳು ವಿವರಿಸಿದಳು. ತಿಥಿಯನ್ನು ಮುಹೂರ್ತಕ್ಕಷ್ಟೇ ಬಳಸುವ ನಮಗೆ, ನೀರಿನ ಮಟ್ಟವೇ ಅದರ ಪ್ರಕಾರ ನಡೆಯುವ ಊರೊಂದಿದೆ ಎಂಬುದು ಹೊಸ ಸುದ್ದಿ.

ಹಲಗೆಯ ಮೇಲೆ ಹತ್ತು ಹೆಜ್ಜೆ ಇಟ್ಟರೆ ಮೂಗಿಗೆ ವಾಸನೆ ಬಡಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಕೆಸರಿನಲ್ಲಿ ಎಲೆ ಕೊಳೆಸುವ ಸೂಕ್ಷ್ಮಾಣುಗಳು ಬಿಡುವ ಗಂಧಕದ ಅನಿಲ ಅದು. ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದರು. ಕಾಕಾ ಮಾತ್ರ ಬಗ್ಗಿ, ಕಟಾಂಜನದ ಸಂದಿಯಿಂದ ಕೈ ಚಾಚಿ, ಒಂದು ಹಿಡಿ ಕೆಸರು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದರು. ಎರೆಭೂಮಿ ಉತ್ತ ಕೈ ಅದು, ಮಣ್ಣು ಕಂಡರೆ ಸುಮ್ಮನಿರುವುದಿಲ್ಲ. “ಇದು ಕೆಸರಲ್ಲ, ಗೊಬ್ಬರ” ಎಂದು ತೀರ್ಪು ಕೊಟ್ಟರು. ನೂರಕ್ಕೆ ನೂರು ಸರಿ. ಮರದ ಎಲೆ ಬೀಳುತ್ತದೆ, ಏಡಿ ಅದನ್ನು ಎಳೆದೊಯ್ದು ಕತ್ತರಿಸುತ್ತದೆ, ಉಳಿದದ್ದನ್ನು ಸೂಕ್ಷ್ಮಾಣುಗಳು ಅರೆಯುತ್ತವೆ, ಆ ಹಿಟ್ಟನ್ನು ಸಿಗಡಿ ಮರಿ, ಮೀನು ಮರಿ ತಿನ್ನುತ್ತವೆ. ಸಮುದ್ರದಲ್ಲಿ ಹಿಡಿಯುವ ಎಷ್ಟೋ ಮೀನು, ಸಿಗಡಿಗಳ ಬಾಲ್ಯವೆಲ್ಲ ಈ ಬೇರಿನ ಸಂದುಗೊಂದಿಯಲ್ಲಿ. ದೊಡ್ಡ ಮೀನು ಒಳಗೆ ನುಗ್ಗಲಾರದು, ಹೊಟ್ಟೆಗೂ ಕಡಿಮೆಯಿಲ್ಲ. ಬಾಣಂತಿತನಕ್ಕೆ ಇದಕ್ಕಿಂತ ಒಳ್ಳೆಯ ತವರುಮನೆ ಮೀನಿಗೆ ಸಿಗಲಿಕ್ಕಿಲ್ಲ.

ಬೇರುಗಳ ವಿಚಾರವನ್ನು ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಬೇರು ಎಂದರೆ ಕಾಣಿಸದ ವಸ್ತು. ಇಲ್ಲಿ ಕಾಣುವುದೇ ಬೇರು. ಕಾಂಡ್ಲಾ ಗಿಡ ತನ್ನ ಕಾಂಡದಿಂದಲೇ ಕಮಾನು ಕಮಾನಾಗಿ ಬೇರು ಇಳಿಬಿಟ್ಟು ಕೆಸರಿನಲ್ಲಿ ಕಾಲೂರುತ್ತದೆ. ಉಪ್ಪಟಿ ಎಂಬ ಇನ್ನೊಂದು ಜಾತಿಯದ್ದು ತದ್ವಿರುದ್ಧ. ಅದರ ಬೇರು ಕೆಸರಿನಿಂದ ಮೇಲೆ ನೆಟ್ಟಗೆ ಗೇಣುದ್ದ ಎದ್ದು ನಿಲ್ಲುತ್ತದೆ, ಒಂದಲ್ಲ ಎರಡಲ್ಲ, ಗಿಡದ ಸುತ್ತ ನೂರಾರು. ಉಸಿರಾಡಲಿಕ್ಕೆ. ಕೆಸರಿನಲ್ಲಿ ಗಾಳಿ ಇಲ್ಲವಲ್ಲ. ಉಪ್ಪಿನ ಕಾಟಕ್ಕೂ ಇಬ್ಬರದ್ದೂ ಬೇರೆ ಬೇರೆ ಉಪಾಯ. ಕಾಂಡ್ಲಾ ಬೇರಿನಲ್ಲೇ ಉಪ್ಪನ್ನು ಬಹುಪಾಲು ಸೋಸಿ ಹೊರಗಿಡುತ್ತದೆ. ಉಪ್ಪಟಿ ಒಳಗೆ ಬಿಟ್ಟುಕೊಂಡು ಎಲೆಯ ಮೂಲಕ ಹೊರಹಾಕುತ್ತದೆ. ಬಿಸಿಲೇರಿದ ಮೇಲೆ ಅದರ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು ತಿಳಿಯುತ್ತದೆ. ಕಾಕಾನ ಮೊಮ್ಮಗ ನೆಕ್ಕಿ ನೋಡಿ, “ಅಜ್ಜಾ, ಇದಕ್ಕ ಖಾರ ಒಂದು ಕಡಿಮಿ” ಎಂದ. ಸವಣೂರು ಖಾರ ತಿಂದು ಬೆಳೆದ ಹುಡುಗ.

ಆದರೆ ಕಾಕಾ ಮನಸೋತದ್ದು ಬೀಜಕ್ಕೆ. ಕಾಂಡ್ಲಾದ ಬೀಜ ಗಿಡದಲ್ಲಿ ಇರುವಾಗಲೇ ಮೊಳೆಯುತ್ತದೆ. ತಾಯಿಯ ಕೊಂಬೆಯಲ್ಲಿ ನೇತಾಡುತ್ತಲೇ ಮೊಳಕೆ ಒಂದು ಮೊಳದವರೆಗೆ ಉದ್ದವಾಗುತ್ತದೆ, ಹಸಿರು ನುಗ್ಗೆಕಾಯಿಯ ಉದ್ದ. ಬಲಿತ ಮೇಲೆ ಕಳಚಿ ಬೀಳುತ್ತದೆ. ಇಳಿತದ ಹೊತ್ತಾದರೆ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ಬೇರು ಬಿಡುತ್ತದೆ. ನೀರಿದ್ದರೆ ತೇಲಿಕೊಂಡು ಹೋಗಿ, ವಾರಗಟ್ಟಲೆ ಅಲೆದು, ಕಾಲೂರಲು ಜಾಗ ಸಿಕ್ಕಲ್ಲಿ ನಿಲ್ಲುತ್ತದೆ. ಬೀಜ ಬಿತ್ತಿ, ಮಳೆಗೆ ಮುಗಿಲು ನೋಡಿ, ಮೊಳೆಯದಿದ್ದರೆ ಮತ್ತೆ ಬೀಜದಂಗಡಿಯ ಸರದಿಯಲ್ಲಿ ನಿಲ್ಲುವ ರೈತನಿಗೆ ಇದು ಕನಸಿನ ಬೆಳೆ. “ಮೊಳಕಿ ಖಾತ್ರಿ ಮಾಡೇ ಬಿತ್ತತೈತಿ ಇದು. ಯಾವ ಕಂಪನಿಯವ್ರೂ ಹಿಂಗ ಕೊಟ್ಟಿಲ್ಲ” ಎಂದು ಕಾಕಾ ಹತ್ತು ನಿಮಿಷ ಆ ಕೊಂಬೆಯ ಕೆಳಗೆ ನಿಂತರು.

ನೀರು ದಾಟಿ ಬಂದ ಮರ ಎಂದರೆ ನನಗೆ ಸವಣೂರಿನ ದೊಡ್ಡ ಹುಣಸೆ ನೆನಪಾಗುತ್ತದೆ. ಕಲ್ಮಠದ ಅಂಗಳದ ಆ ದೈತ್ಯ ಮರಗಳನ್ನು ನೋಡದ ಮಂದಿ ನಮ್ಮ ಸೀಮೆಯಲ್ಲಿಲ್ಲ. ಹೆಸರು ಹುಣಸೆ, ಕುಲ ಆಫ್ರಿಕಾದ ಬಾವೊಬಾಬ್. ಹತ್ತು ಜನ ಕೈ ಹಿಡಿದು ನಿಂತರೂ ಬುಡ ತಬ್ಬಲಾಗದ ಮರ ನಮ್ಮ ಬಯಲು ಸೀಮೆಗೆ ಹೇಗೆ ಬಂತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಕೃಷ್ಣನೇ ತಂದು ನೆಟ್ಟ ಎನ್ನುವವರೂ ಇದ್ದಾರೆ. ಇದನ್ನು ಇಲ್ಲಿ ಯಾಕೆ ಹೇಳಿದೆ ಎಂದರೆ, ಅಲ್ಲಿ ಕಥೆ ಕಟ್ಟಿದ ನಾವು ಕಾಂಡ್ಲಾಕ್ಕೆ ಒಂದು ಕಥೆಯನ್ನೂ ಕಟ್ಟಿಲ್ಲ. ಸೌದೆಗೆ ಕಡಿದೆವು, ತೊಗಟೆ ಬೇಯಿಸಿ ಅದರ ರಸದಲ್ಲಿ ಬಲೆ ಅದ್ದಿ ಗಟ್ಟಿ ಮಾಡಿಕೊಂಡೆವು, ಸಿಗಡಿ ಹೊಂಡಕ್ಕಾಗಿ ಬೋಳಿಸಿದೆವು. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಮಹಾ ಚಂಡಮಾರುತ ಬಂದಾಗ, ಕಡಲಿಗೂ ಊರಿಗೂ ನಡುವೆ ಈ ಕಾಡಿನ ಪಟ್ಟಿ ಅಗಲವಾಗಿದ್ದ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳಲ್ಲಿ ಸಾವು ಕಡಿಮೆ ಎಂದು ಆಮೇಲೆ ಲೆಕ್ಕ ಹಾಕಿದವರು ಕಂಡುಕೊಂಡರು. ಅದಾದ ಮೇಲೆ ಮರ್ಯಾದೆ ಸ್ವಲ್ಪ ಹೆಚ್ಚಿತು. ಉತ್ತರ ಕನ್ನಡದ ಅಳಿವೆಗಳಲ್ಲೂ ಅರಣ್ಯ ಇಲಾಖೆ ಸಸಿ ನೆಡಿಸಿದೆ.

ಇಷ್ಟಾದರೂ ಪ್ರಾಣಿ ಎಲ್ಲಿ ಎಂದು ಹುಡುಗನ ಹಠ. ಪ್ರಾಣಿಗಳು ಆಗಲೇ ಸುತ್ತ ಇದ್ದವು. ನೆಟ್ಟ ಕಂಬದ ಮೇಲೆ ಮಿಂಚುಳ್ಳಿ, ನೀರಂಚಿನಲ್ಲಿ ಬೆಳ್ಳಕ್ಕಿ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತಿದ್ದ ನೀರುಕಾಗೆ, ಮೇಲೆ ಸುತ್ತು ಹಾಕುತ್ತಿದ್ದ ಗರುಡ. ಗರುಡನಿಗೆ ಕಾಕಾ ಕೈ ಮುಗಿದರು, ಉಳಿದವರಿಗೆ ಇಲ್ಲ. ಕೆಸರಿನ ಮೇಲೆ ಬೆರಳುದ್ದದ ಮೀನೊಂದು ಎದೆಯ ರೆಕ್ಕೆಯೂರಿ ತೆವಳುತ್ತ, ಟಣ್ಣನೆ ಜಿಗಿದು ಇನ್ನೊಂದು ಕಡೆ ಹೋಗಿ ಕೂತಿತು. ಕಣ್ಣು ನೆತ್ತಿಯ ಮೇಲೆ. ಮೈ ಹಸಿಯಾಗಿದ್ದರೆ ಸಾಕು, ನೀರಿನ ಹೊರಗೂ ಉಸಿರಾಡಿಕೊಂಡಿರುತ್ತದೆ. ಮೀನು ನಡೆಯುವುದನ್ನು ಕಂಡ ಹುಡುಗ ಹುಲಿಯನ್ನು ಮರೆತ.

ಕಾಕಾಗೆ ಏಡಿ. ಕಾಸಿನಗಲದ ಏಡಿಗಳು, ಕೆಸರಿನ ತುಂಬ. ಗಂಡಿಗೆ ಒಂದು ಇಕ್ಕಳ ಸಣ್ಣದು, ಇನ್ನೊಂದು ಮೈಯಷ್ಟೇ ದೊಡ್ಡದು. ಆ ದೊಡ್ಡದನ್ನು ಮೇಲೆತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ. ಹೆಣ್ಣನ್ನು ಕರೆಯಲಿಕ್ಕೆ, ಬೇರೆ ಗಂಡನ್ನು ಹೆದರಿಸಲಿಕ್ಕೆ. ಹೀಗೆ ನೂರಾರು ಏಡಿಗಳು ಒಂದೇ ಸಮನೆ ಕೈ ಎತ್ತುವುದನ್ನು ನೋಡಿ ಕಾಕಾ ನಕ್ಕರು. “ಥೇಟ್ ನಮ್ಮ ಗ್ರಾಮಸಭಾ. ಏನು ಠರಾವು ಅಂತ ಯಾರಿಗೂ ಗೊತ್ತಿಲ್ಲ, ಕೈ ಮಾತ್ರ ಎಲ್ಲಾರದೂ ಮ್ಯಾಲ.”

ಸಂಜೆ ದೋಣಿಯಲ್ಲಿ ಹೋದೆವು. ಶರಾವತಿಯಲ್ಲಿ ಕಾಂಡ್ಲಾ ನಡುವೆ ದೋಣಿಯಲ್ಲಿ ಸುತ್ತಿಸುವುದು ಈಗ ಅಲ್ಲಿಯವರಿಗೆ ಒಂದು ಜೀವನೋಪಾಯ. ದೋಣಿಯವನು ಮೀನುಗಾರರ ಮನೆಯವನೇ. ಕಾಕಾ ಅವನ ಮುಂದೆಯೂ ಅದೇ ಮಾತು ತೆಗೆದರು, ಇಷ್ಟು ನೀರು ಸಮುದ್ರಕ್ಕೆ ದಂಡ ಹೋಗುತ್ತದಲ್ಲ ಎಂದು. ಅವನು ಎಂಜಿನ್ನು ನಿಲ್ಲಿಸಿ, “ನಮ್ಗೆ ಆ ನೀರೇ ಜಾಸ್ತಿಯಾಗಿ ತೊಂದ್ರೆ ಅಲ್ವ ಮಾರಾಯ್ರೇ” ಎಂದ. ನಮಗೆ ಅರ್ಥವಾಗಲಿಲ್ಲ. ನೀರು ಜಾಸ್ತಿಯಾಗಿ ತೊಂದರೆ ಎಂಬ ವಾಕ್ಯ ನಮ್ಮ ಕಡೆ ಬೆಣ್ಣೆಹಳ್ಳ ಉಕ್ಕಿದಾಗ ಮಾತ್ರ ಹುಟ್ಟುತ್ತದೆ.

ಅವನು ಹೇಳಿದ್ದರ ಹಿಂದೆ ದೊಡ್ಡ ಕಥೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿಯ ವಿದ್ಯುದಾಗಾರ 1,035 ಮೆಗಾವಾಟಿನದ್ದು. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಬಂತು. ವಿದ್ಯುತ್ ತೆಗೆಯಲು ವರ್ಷವಿಡೀ ನೀರು ಬಿಡಬೇಕು. ಹಿಂದೆ ಬೇಸಿಗೆಯಲ್ಲಿ ನದಿ ಸೊರಗಿ ಉಪ್ಪು ನೀರು ಅಳಿವೆಯೊಳಗೆ ಮೇಲಕ್ಕೆ ಏರುತ್ತಿತ್ತು, ಮಳೆಗಾಲದಲ್ಲಿ ಸಿಹಿ ನೀರು ಅದನ್ನು ಹೊರಗೆ ತಳ್ಳುತ್ತಿತ್ತು. ಈಗ ಎಲ್ಲ ಕಾಲಕ್ಕೂ ಸಿಹಿ ನೀರೇ ಇಳಿದು ಬಂದು ಉಪ್ಪು ಏರುವುದೇ ಕಡಿಮೆಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಬಳಗ ಈ ಅಳಿವೆಯನ್ನೂ ಪಕ್ಕದ ಅಘನಾಶಿನಿಯನ್ನೂ ಹೋಲಿಸಿ ನೋಡಿದಾಗ, ಇಲ್ಲಿ ಮೀನಿನ ಜಾತಿಗಳೂ ಕಡಿಮೆ, ಬಳಚಿನಂಥ ತಿನ್ನುವ ಚಿಪ್ಪುಜೀವಿಗಳಂತೂ ತೀರಾ ಅಳಿದುಹೋಗಿವೆ ಎಂದು ಕಂಡರು. ಉಪ್ಪು ಬೇಕಾದ ಗಿಡಗಳು ಹಿಂದೆ ಸರಿದು, ಸಿಹಿ ನೀರು ತಾಳುವ ಗಿಡಗಳು ಮುಂದೆ ಬಂದಿವೆ.

ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟು ಬಂತೆಂದು ಬ್ಯಾಟರಿ ಹಿಡಿದು ಹೊಲಕ್ಕೆ ಓಡುವವರು ನಾವು. ಆ ಕರೆಂಟಿನಲ್ಲಿ ಒಂದು ಪಾಲು ಶರಾವತಿಯದ್ದು. ನಮ್ಮ ಬೋರಿನ ಮೋಟರು ತಿರುಗುವುದಕ್ಕೂ ಈ ದೋಣಿಯವನ ಊರಿನಲ್ಲಿ ಬಳಚು ಸಿಗದಿರುವುದಕ್ಕೂ ನಡುವೆ ಒಂದು ತಂತಿಯಿದೆ ಎಂದು ದೋಣಿಯಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಕಾಕಾಗೆ ಹೇಳಲಿಲ್ಲ. ಅವರು ಆಗಲೇ ಸುಮ್ಮನಾಗಿದ್ದರು, ಸುಮ್ಮನಾದ ಕಾಕಾನನ್ನು ಕೆದಕುವುದು ಒಳ್ಳೆಯದಲ್ಲ.

ಮರುದಿನ ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ತದಡಿಯ ಬಳಿ ಕಡಲು ಸೇರುವ ನದಿ. ನೀರಿಳಿದ ಹೊತ್ತಿಗೆ ನದಿಯ ನಡುವೆಯೇ ಸೊಂಟದುದ್ದ ನೀರಿನಲ್ಲಿ ಹೆಂಗಸರು, ಗಂಡಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು. ಹೂಡಿಕೆ ಇಲ್ಲ, ಬೀಜವಿಲ್ಲ, ಗೊಬ್ಬರವಿಲ್ಲ, ಬುಟ್ಟಿಯೊಂದಿದ್ದರೆ ಆಯಿತು. ಸಾವಿರಾರು ಜನರ ದುಡಿಮೆ ಇದೊಂದು ಅಳಿವೆಯ ಮೇಲೆ. ಈ ತದಡಿಯಲ್ಲೇ ಹಿಂದೊಮ್ಮೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂದು, ಜನ ವಿರೋಧಿಸಿ, ಬಿದ್ದುಹೋಯಿತು.

ಮಗಳು ನಮ್ಮನ್ನು ಅಳಿವೆಯಂಚಿನ ಗಜನಿ ಗದ್ದೆಯ ಒಡ್ಡಿನ ಮೇಲೆ ನಡೆಸಿಕೊಂಡು ಹೋದಳು. ಮಾಣಿಕಟ್ಟಾ ಸುತ್ತಿನ ಈ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ನುಗ್ಗಿದರೂ ಜಗ್ಗುವುದಿಲ್ಲ, ನೆರೆ ಬಂದರೆ ಎತ್ತರಕ್ಕೆ ಬೆಳೆದು ತಲೆ ಮೇಲಿಟ್ಟುಕೊಳ್ಳುತ್ತದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಕಡಲಿನ ನೀರು ಬಿಟ್ಟುಕೊಂಡು ಸಿಗಡಿ, ಮೀನು. ಒಂದು ಹೊಲ, ಎರಡು ಪೀಕು, ಒಂದು ಸಿಹಿಯದ್ದು, ಒಂದು ಉಪ್ಪಿನದ್ದು. ಕಾಕಾ ಒಂದು ಕಗ್ಗದ ಕಾಳು ಸುಲಿದು ನೋಡಿದರು. ಅಕ್ಕಿ ಕೆಂಪು. “ಸವಳು ಭೂಮಿಗೆ ನಮ್ಮಲ್ಲಿ ಇದನ್ನ ಹಾಕಬಹುದೇನು?” ಎಂದು ಗದ್ದೆಯವರನ್ನು ಕೇಳಿದರು. ಅವರು, “ನೀರು ಬೇಕಲ್ರಾ” ಎಂದು ನಕ್ಕರು. ಸರಿ, ಮತ್ತೆ ಅಲ್ಲಿಗೇ ಬಂತು.

2024ರ ಜನವರಿ ಕೊನೆಗೆ ಅಘನಾಶಿನಿಯ ಅಳಿವೆ, 4,801 ಹೆಕ್ಟೇರ್, ರಾಮ್ಸಾರ್ ತಾಣವಾಯಿತು. ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ ಸೇರಿತು ಅಂತ. ಅದೇ ಸಲ ಕರ್ನಾಟಕದ ಇನ್ನೆರಡು ಜಾಗ ಸೇರಿದವು. ಒಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಇನ್ನೊಂದು ನಮ್ಮ ಮಾಗಡಿ ಕೆರೆ! ರಾಮನಗರದ ಮಾಗಡಿಯಲ್ಲ, ಲಕ್ಷ್ಮೇಶ್ವರದಿಂದ ಗದಗಿನ ಕಡೆ ಹೋಗುವಾಗ ಸಿಗುವ, ಶಿರಹಟ್ಟಿ ತಾಲೂಕಿನ ಮಾಗಡಿ. ಚಳಿಗಾಲಕ್ಕೆ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿಗೆ ಬರುತ್ತವೆ. ಹಗಲು ಕೆರೆಯಲ್ಲಿ ಮಲಗಿ ಹೊತ್ತು ಮುಳುಗಿದ ಮೇಲೆ ರೈತರ ಕಡಲೆ, ಶೇಂಗಾ ಹೊಲಕ್ಕೆ ಹೋಗುತ್ತವೆ. ಅಂದರೆ ಮೊದಲನೆಯ ಜಾತಿಯವೇ. ನೂರೈವತ್ತು ಕಿಲೋಮೀಟರ್ ಗಾಡಿಯಲ್ಲಿ ಬಂದು ನಾವು ಬಾಯಿ ತೆರೆದು ನೋಡುತ್ತಿದ್ದ ಅಳಿವೆಗೂ, ನಮ್ಮ ಮಂದಿ ಎತ್ತಿನಗಾಡಿಯಲ್ಲಿ ಹಾದುಹೋಗುವ ಕೆರೆಗೂ ಒಂದೇ ದರ್ಜೆ, ಒಂದೇ ದಿನದ ಜಾತಕ. ಕಾಕಾ ಮಾಗಡಿಯ ಹೆಸರು ಕೇಳಿ ಎದೆ ಉಬ್ಬಿಸಿದರು. ಹೆಬ್ಬಾತು ತಿಂದ ಕಡಲೆಯ ಲೆಕ್ಕ ಆ ಕ್ಷಣಕ್ಕೆ ಮಾಫಿ.

ಊಟದ ಹೊತ್ತಿಗೆ ಬೇಡ್ತಿಯ ಮಾತು ಬಂತು. ಬರದೆ ಇರುತ್ತದೆಯೇ? ನಮ್ಮಿಂದ ಅಷ್ಟೇನು ದೂರವಿಲ್ಲದ ಕಲಘಟಗಿ ಸೀಮೆಯ ನೀರು ಬೇಡ್ತಿ ಸೇರಿ, ಘಟ್ಟ ಇಳಿದು ಗಂಗಾವಳಿ ಎನ್ನಿಸಿಕೊಂಡು ಗೋಕರ್ಣದ ಬಡಗಲಿಗೆ ಕಡಲು ಮುಟ್ಟುತ್ತದೆ. ಆ ಬೇಡ್ತಿಯ ನೀರನ್ನು ತಿರುಗಿಸಿ ವರದೆಗೆ ಕೂಡಿಸಬೇಕು, ಅಲ್ಲಿಂದ ಹಾವೇರಿ, ಗದಗ, ರಾಯಚೂರಿನ ಕಡೆಗೆ ಒಯ್ಯಬೇಕು ಎಂಬ ಯೋಜನೆ ತೊಂಬತ್ತರ ದಶಕದಿಂದ ಕಡತದಲ್ಲಿದೆ. ಘಟ್ಟದ ಮೇಲೆ ನಾವು ಬೇಕು ಅನ್ನುತ್ತೇವೆ, ಶಿರಸಿ-ಯಲ್ಲಾಪುರದವರು ಸ್ವರ್ಣವಲ್ಲಿ ಶ್ರೀಗಳನ್ನು ಮುಂದಿಟ್ಟುಕೊಂಡು ಬೇಡ ಅನ್ನುತ್ತಾರೆ. ಎರಡೂ ಕಡೆಗೂ ಸಭೆ, ಜಾಥಾ. ಕಾಡು ಮುಳುಗುತ್ತದೆ ಎಂಬ ಅವರ ವಾದ ನಮಗೆ ಪತ್ರಿಕೆಯಲ್ಲಿ ಸಿಗುತ್ತದೆ. ಕೆಳಗೆ ಅಳಿವೆಯಲ್ಲಿ ಉಪ್ಪು-ಸಿಹಿಯ ಹದ ಕೆಡುತ್ತದೆ ಎಂಬ ಮಾತು ಅಷ್ಟಾಗಿ ಕಿವಿಗೆ ಬಿದ್ದಿರಲಿಲ್ಲ. ಶರಾವತಿಯಲ್ಲಿ ಸಿಹಿ ಹೆಚ್ಚಾಗಿ ಕೆಟ್ಟಿತು. ಗಂಗಾವಳಿಯಲ್ಲಿ ಸಿಹಿ ಕಡಿಮೆಯಾಗಿ ಕೆಟ್ಟೀತು. ಕಾಂಡ್ಲಾಕ್ಕೂ ಬಳಚಿಗೂ ಬೇಕಾದದ್ದು ಆಯಾ ಕಾಲಕ್ಕೆ ಆಯಾ ಪಾಕ, ಅಷ್ಟೇ. ಹಾಗೆಂದು ಬ್ಯಾಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಸಾಲಿಗಿಟ್ಟ ನಮ್ಮ ಹೆಂಗಸರಿಗೆ ಹೋಗಿ ಏಡಿಯ ಕಥೆ ಹೇಳುವ ಧೈರ್ಯ ನನಗಂತೂ ಇಲ್ಲ. ನಮಗೆ ನೀರು ಬೇಕು, ಅದು ಸುಳ್ಳಲ್ಲ. ಆ ನೀರು ಇಲ್ಲಿ ದಂಡಕ್ಕೆ ಹರಿಯುತ್ತಿದೆ ಎಂಬುದು ಮಾತ್ರ ಇನ್ನು ನನ್ನ ಬಾಯಿಂದ ಬರುವುದು ಕಷ್ಟ.

ಇಷ್ಟರಲ್ಲಿ ಹುಡುಗನಿಗೆ ಒಂದು ಪ್ರಶ್ನೆ ಹುಟ್ಟಿತು. “ನಮ್ಮೂರ ಹಳ್ಳದ ನೀರು ಯಾವ ಕಾಂಡ್ಲಾಕ್ಕ ಹೋಗತೈತಿ?”

ದೊಡ್ಡವರಿಗೆ ಹೊಳೆಯದ ಪ್ರಶ್ನೆ. ಬೆಣ್ಣೆಹಳ್ಳ ಹುಟ್ಟುವುದು ನಮ್ಮ ದುಂಡಸಿಯ ಸುತ್ತಿನಲ್ಲೇ. ಅದು ಸಮೀಪದ ಪಶ್ಚಿಮ ಸಮುದ್ರಕ್ಕೆ ಬೆನ್ನು ತಿರುಗಿಸಿ ಬಡಗಣ ಹಿಡಿಯುತ್ತದೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆಬಯಲಿನಲ್ಲಿ ಸವಳಾಗಿ, ಮಳೆ ಹೆಚ್ಚಾದ ವರ್ಷ ಉಕ್ಕಿ ಹೆಸರು, ಉಳ್ಳಾಗಡ್ಡಿ ಹೊಲಗಳನ್ನು ಮುಳುಗಿಸಿ, ರೋಣದ ಕಡೆ ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು ಎಲ್ಲ ದಾಟಿ ಹಂಸಲದೀವಿಯ ಬಳಿ ಬಂಗಾಳ ಉಪಸಾಗರಕ್ಕೆ. ಅಲ್ಲಿಯೂ ಮ್ಯಾಂಗ್ರೋವ್ ಕಾಡು. ಕೃಷ್ಣಾ ವನ್ಯಜೀವಿಧಾಮ ಎಂದು ಹೆಸರು. ನೀರಿಗೆ ಧುಮುಕಿ ಮೀನು ಹಿಡಿಯುವ ಕಾಡುಬೆಕ್ಕು ಅಲ್ಲಿದೆ. ಎಷ್ಟು ಅಣೆಕಟ್ಟು ದಾಟಿ ಎಷ್ಟು ಹನಿ ಅಲ್ಲಿಗೆ ಮುಟ್ಟುತ್ತವೋ, ದೇವರೇ ಬಲ್ಲ. ಆದರೂ ನಮ್ಮ ಹೊಲದ ಬದುವಿನಿಂದ ಜಾರಿದ ನೀರು ಯಾವುದೋ ತೆಲುಗು ಬೆಕ್ಕಿನ ಮೀನು ಸಾಕುತ್ತಿದೆ ಎಂಬ ಸುದ್ದಿ ಕೇಳಿ ಹುಡುಗ ಕುಣಿದ. ಕಾಕಾ ತುಸು ಹೊತ್ತು ಯೋಚಿಸಿ, “ಅವರ ಊರಾಗೂ ಯಾರೋ ಕುಂತು ನಮ್ಮ ಹಳ್ಳಕ್ಕ ಯಾಕ ಒಡ್ಡು ಹಾಕೀರಿ ಅಂತ ಬೈತಿರಬೇಕು” ಎಂದರು.

ತಿರುಗಿ ಬರುವಾಗ ತಡಸದಲ್ಲಿ ಚಹಾಕ್ಕೆ ನಿಂತೆವು. ಕಾಕಾನ ಗುರುತಿನವರೊಬ್ಬರು ಮಿರ್ಚಿ ತಿನ್ನುತ್ತ ಕೂತಿದ್ದರು. ಸಮುದ್ರದ ಕಡೆಯಿಂದ ಬಂದದ್ದು ಗೊತ್ತಾದ ಕೂಡಲೇ ಶುರು ಹಚ್ಚಿಕೊಂಡರು. “ನೋಡಿದಿರಲ್ಲ ಗೌಡ್ರ, ಎಷ್ಟ ನೀರು ಅಂತ? ಬೇಡ್ತಿ ನೀರ ಒಂದು ಈ ಕಡೆ ತಿರುಗಿದರ ನಮ್ಮ ಹಾವೇರಿ ಜಿಲ್ಲಾ ಬಂಗಾರ ಆಕ್ಕೈತಿ. ಈ ಸಲ ಬಿಡಬಾರದ್ರಿ, ಧರಣಿ ಕೂಡ್ರೂಣು.”

“ಕೂಡ್ರೂಣು” ಎಂದರು ಕಾಕಾ, ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ. “ಆದರ ಮೊದಲ ಅಲ್ಲಿ ಏಡಿಗೋಳ ಠರಾವು ಬೇಕಾಕ್ಕೈತಿ. ಅವು ಆಗಲೇ ಸಭಾ ಕರದು ಕೈ ಎತ್ಯಾವು.”

“ಏಡಿಗೋಳ?”

“ಹೂಂ. ಪರವಾಗೋ ವಿರೋಧವಾಗೋ, ಅದೊಂದು ತಿಳೀಲಿಲ್ಲ.”

ಅವರು ನನ್ನ ಮುಖ ನೋಡಿದರು, ಗೌಡರಿಗೆ ಬಿಸಿಲು ಬಡಿದಿದೆಯೋ ಹೇಗೆ ಎಂದು. ನಾನು ಇನ್ನೊಂದು ಪ್ಲೇಟು ಮಿರ್ಚಿ ಹೇಳಿದೆ.